ಸ್ಕಾಲರ್‌ಶಿಪ್ ಬಂತು ಅಂತ ಕೇಸರಿಭಾತ್ ಮಾಡಿದ್ವಿ, ಕಾಲೇಜು ಅಷ್ಟೇ ದುಡ್ಡು ಗ್ರಾಂಟಲ್ಲಿ ಕಟ್ ಮಾಡಿದೆ

ನೇಪರ್‌ವಿಲ್ ಅಮ್ಮ:
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದ್ಕೊಂಡಿದ್ದೆ, ಇವತ್ತು ತಲೆ ಕೆಟ್ಟು ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ. ಮಗಳು ಆಗಸ್ಟಲ್ಲಿ ಕಾಲೇಜಿಗೆ ಹೋಗ್ತಾಳೆ, ಇಲ್ಲೇ ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಒಂದು ಪ್ರೈವೇಟ್ ಕಾಲೇಜು, ಹೆಸರು ಬೇಡ. ಅವಳು ಇಲ್ಲೇ ಹುಟ್ಟಿದವಳು, ಸಿಟಿಜನ್. ನಮ್ದು ಒಂದೇ ಸಂಬಳದ ಮನೆ. ಮಾರ್ಚ್ ಕೊನೇಲಿ ಬಂದ ಏಡ್ ಲೆಟರಲ್ಲಿ (ಎಷ್ಟು ಸಹಾಯ ಸಿಗುತ್ತೆ ಅಂತ ಕಾಲೇಜು ಕಳಿಸೋ ಪತ್ರ) ವರ್ಷದ ಒಟ್ಟು ಖರ್ಚು 84,000 ಡಾಲರ್, ನಾವು ಕೈಯಿಂದ ಹಾಕ್ಬೇಕಾದ್ದು 31,000, ಉಳಿದ 53,000ಕ್ಕೆ ಕಾಲೇಜಿನ ಗ್ರಾಂಟ್ (ವಾಪಸ್ ಕೊಡ್ಬೇಕಿಲ್ಲದ ದುಡ್ಡು) 46,500, ಫೆಡರಲ್ ಲೋನ್ (ಕೇಂದ್ರ ಸರ್ಕಾರದ ಸಾಲ) 3,500, ವರ್ಕ್ ಸ್ಟಡಿ (ಓದ್ತಾ ಕೆಲಸ ಮಾಡಿ ದುಡಿಯೋದು) 3,000 ಅಂತಿತ್ತು. ಸರಿ, ಹೇಗೋ ಆಗುತ್ತೆ ಅಂತ ಮೇ 1ಕ್ಕೆ ಮುಂಚೆ ಡೆಪಾಸಿಟ್ ಕಟ್ಟಿದ್ವಿ.

ಮಧ್ಯದಲ್ಲಿ ಇವಳು ಊರಿನ ಸ್ಕಾಲರ್‌ಶಿಪ್ಪುಗಳಿಗೆಲ್ಲ ಹಾಕಿದ್ಲು, ಏಳು ಕಡೆ ಎಸ್ಸೇ ಬರೆದು, ಎರಡು ಇಂಟರ್‌ವ್ಯೂ ಕೊಟ್ಟು, ಕೊನೆಗೆ ಒಂದು 5,000 ಇನ್ನೊಂದು 3,000 ಸಿಕ್ತು. ಮನೇಲಿ ಕೇಸರಿಭಾತ್ ಆಯ್ತು, ಅಜ್ಜಿಗೆ ಫೋನ್ ಆಯ್ತು, ಅಜ್ಜಿ ಇಡೀ ಜಯನಗರಕ್ಕೆ ಹೇಳಿದ್ದೂ ಆಯ್ತು. ಕಾಲೇಜಿನ ಪೋರ್ಟಲಲ್ಲಿ ಹೊರಗಿನ ಸ್ಕಾಲರ್‌ಶಿಪ್ ಇದ್ರೆ ತಿಳಿಸಿ ಅಂತಿತ್ತು, ಪ್ರಾಮಾಣಿಕವಾಗಿ ತಿಳಿಸಿದ್ಲು. ನಿನ್ನೆ ಹೊಸ ಲೆಟರ್ ಬಂದಿದೆ. ಗ್ರಾಂಟ್ 38,500. ಸರಿಯಾಗಿ 8,000 ಕಮ್ಮಿ. ಲೋನ್ ಹಾಗೇ ಇದೆ, ವರ್ಕ್ ಸ್ಟಡಿ ಹಾಗೇ ಇದೆ, ನಮ್ಮ 31,000 ಅಂತೂ ಒಂದು ಪೈಸೆ ಅಲ್ಲಾಡಿಲ್ಲ. ಹುಡುಗಿ ರೂಮಿಂದ ಆಚೆ ಬಂದಿಲ್ಲ. ಏಳು ಎಸ್ಸೇ ಬರೆದಿದ್ದು ಕಾಲೇಜಿಗೆ ದುಡ್ಡು ಉಳಿಸೋಕಾ ಅಂತ ಕೇಳ್ತಾಳೆ, ನನ್ನ ಹತ್ರ ಉತ್ತರ ಇಲ್ಲ. ಇದು ಮೋಸ ಅಲ್ವಾ? ಯಾರಿಗಾದ್ರೂ ಹೀಗಾಗಿದ್ಯಾ?

ಸುಮ್ನೆ ಓದ್ತಿರ್ತೀನಿ:
ಕೈಗೆ ಬಂದಿದ್ದು ಬಾಯಿಗೆ ಬರ್ಲಿಲ್ಲ ಅನ್ನೋದು ಇದಕ್ಕೇ ಇರ್ಬೇಕು. ಫಾಲೋ ಮಾಡ್ತಿದೀನಿ.

ಹಳೇ ಮೈಸೂರು:
ಮೇಡಂ, ಮೊದ್ಲು ಮಗಳಿಗೆ ಊಟ ಕೊಡಿ, ಇದು ಇನ್ನೂ ಮುಗಿದಿಲ್ಲ. ನಾನು ಎರಡು ಮಕ್ಕಳನ್ನ ಈ ನದಿ ದಾಟಿಸಿದೀನಿ, ಎರಡು ಸಲನೂ ಬೇರೆ ಬೇರೆ ಜಾಗದಲ್ಲಿ ಕಾಲು ಜಾರಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನೀಡ್ ಅನ್ನೋದನ್ನ ಒಂದು ಬಿಂದಿಗೆ ಅಂದ್ಕೊಳ್ಳಿ. ಒಟ್ಟು ಖರ್ಚಲ್ಲಿ ನಿಮ್ಮ ಪಾಲು ಕಳೆದ್ರೆ ಉಳಿಯೋದೇ ಬಿಂದಿಗೆ ಸೈಜು. ಆ ನಿಮ್ಮ ಪಾಲಿಗೆ ಫಾಫ್ಸಾದಲ್ಲಿ (ಸರ್ಕಾರದ ಸಹಾಯಕ್ಕೆ ತುಂಬೋ ಫಾರ್ಮು) ಎಸ್‌ಎಐ ಅಂತಾರೆ, 2024-25ಕ್ಕೆ ಮುಂಚೆ ಇಎಫ್‌ಸಿ ಅಂತಿದ್ರು, ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಇನ್ನೊಂದು ಫಾರ್ಮ್ ಕೇಳೋ ಕಾಲೇಜುಗಳು ತಮ್ಮದೇ ಲೆಕ್ಕ ಹಾಕ್ತಾವೆ. ನಿಮ್ಮ ಬಿಂದಿಗೆ 53,000ದ್ದು. ಕಾಲೇಜು ಅದನ್ನ ಕಂಠದವರೆಗೂ ತುಂಬಿಸಿ ಕೊಟ್ಟಿದೆ. ಈಗ ನೀವು ಹೊರಗಿಂದ 8,000 ತಂದು ಹುಯ್ದ್ರಿ, ಚೆಲ್ಲಲೇಬೇಕು. ಪ್ಯಾಕೇಜಲ್ಲಿ ಸಬ್ಸಿಡೈಸ್ಡ್ ಲೋನು (ಓದೋವಾಗ ಬಡ್ಡಿ ಸರ್ಕಾರ ಕಟ್ಟೋ ಸಾಲ), ವರ್ಕ್ ಸ್ಟಡಿ ಥರ ನೀಡ್ ನೋಡಿ ಕೊಡೋ ಫೆಡರಲ್ ದುಡ್ಡು ಇರೋ ತನಕ ಎಲ್ಲಾ ಸೇರಿ ನೀಡನ್ನ ಮೀರೋ ಹಾಗಿಲ್ಲ ಅಂತ ಸರ್ಕಾರದ್ದೇ ರೂಲ್ ಇದೆ, ಅದಕ್ಕೆ ಓವರ್ ಅವಾರ್ಡ್ ಅಂತಾರೆ. ಅಲ್ಲಿಗೆ ಕಾಲೇಜಿನ ತಪ್ಪಿಲ್ಲ.

ಆದ್ರೆ ಯಾವುದನ್ನ ಚೆಲ್ಲಬೇಕು ಅನ್ನೋದು ಕಾಲೇಜಿನ ಕೈಲಿದೆ, ಜಗಳ ಇರೋದು ಅಲ್ಲಿ. ಎಷ್ಟೋ ಕಾಲೇಜು ಮೊದ್ಲು ಲೋನ್ ತೆಗೀತವೆ, ಆಮೇಲೆ ವರ್ಕ್ ಸ್ಟಡಿ, ಅದೂ ಮುಗಿದ್ಮೇಲೆ ತಮ್ಮ ಗ್ರಾಂಟಿಗೆ ಕೈ ಹಾಕ್ತವೆ. ಕೆಲವು ಸೀದಾ ಗ್ರಾಂಟಿಂದಾನೇ ಶುರು. ನಿಮ್ಮದು ಈ ಎರಡನೇ ಜಾತಿ ಥರ ಕಾಣ್ಸುತ್ತೆ, ಇಲ್ಲಾ ಯಾರೋ ಗಡಿಬಿಡೀಲಿ ಹಾಗೆ ಎಂಟ್ರಿ ಮಾಡಿರ್ಬೇಕು. ಫೈನಾನ್ಶಿಯಲ್ ಏಡ್ ಆಫೀಸಿಗೆ ಮೇಲ್ ಹಾಕಿ, ಫೋನ್ ಅಲ್ಲ ಮೇಲ್, ಹೊರಗಿನ ಸ್ಕಾಲರ್‌ಶಿಪ್ ಪಾಲಿಸಿ ಬರವಣಿಗೇಲಿ ಕೊಡಿ, ಲೋನ್ ಮತ್ತೆ ವರ್ಕ್ ಸ್ಟಡಿ ಮೊದ್ಲು ಕಡಿಮೆ ಮಾಡೋಕಾಗುತ್ತಾ ಅಂತ ಕೇಳಿ. ಮೋಸ ಗೀಸ ಅಂತ ಬರೀಬೇಡಿ. ಮಗಳೇ ಬರೆದ್ರೆ ಇನ್ನೂ ಒಳ್ಳೇದು.

ಇನ್ನೊಂದು, ಬೇಜಾರಾಗುತ್ತೆ ಆದ್ರೂ ಹೇಳ್ತೀನಿ. ಅವರು ಏನೇ ತಿದ್ದಿದ್ರೂ ನಿಮ್ಮ 31,000 ಇಳಿಯೋದು ಅನುಮಾನ. ಅದು ಬಿಂದಿಗೆಯ ಆಚೆ ಇರೋದು. ಬಿಂದಿಗೇಲಿ ಖಾಲಿ ಜಾಗ ಇದ್ದಿದ್ರೆ, ಅಂದ್ರೆ ಕಾಲೇಜು ಪೂರ್ತಿ ನೀಡ್ ತುಂಬಿಸದೆ ಐದೋ ಹತ್ತೋ ಸಾವಿರ ಗ್ಯಾಪ್ ಬಿಟ್ಟಿದ್ರೆ, ಹೊರಗಿನ ದುಡ್ಡು ಮೊದ್ಲು ಆ ಗ್ಯಾಪಿಗೆ ಹೋಗ್ತಿತ್ತು, ಆಗ ನಿಮ್ಮ ಜೇಬಿಗೆ ನಿಜವಾಗ್ಲೂ ಉಳಿತಾಯ. ತಮಾಷೆ ನೋಡಿ, ಜಿಪುಣ ಕಾಲೇಜಲ್ಲಿ ಹೊರಗಿನ ಸ್ಕಾಲರ್‌ಶಿಪ್ಪಿಗೆ ಬೆಲೆ ಜಾಸ್ತಿ, ಧಾರಾಳಿ ಕಾಲೇಜಲ್ಲಿ ಕಮ್ಮಿ.

ಹುಬ್ಬಳ್ಳಿ ಆಸ್ಟಿನ್:
ನಮ್ದು ಉಲ್ಟಾ ಕಥಿ ಅದ ನೋಡ್ರಿ ಅಕ್ಕಾರ. ಗಂಡ ಹೆಂಡ್ತಿ ಇಬ್ರೂ ಐಟಿ, ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ಕೈಲಿಂದ ಎಷ್ಟು ಬೀಳ್ತದ ಅಂತ ಕಾಲೇಜಿನ ವೆಬ್‌ಸೈಟಿನ್ಯಾಗ ತೋರಸೂದು) ಹಾಕಿ ನೋಡಿದ್ರ ಎಲ್ಲಾ ಕಡೆ ನೀಡ್ ಸೊನ್ನಿ. ಬಿಂದಿಗೀನ ಇಲ್ಲ ಅಂದ್ಮ್ಯಾಲ ಚೆಲ್ಲೂದೇನು! ನಮ್ಮಂಥವರಿಗೆ ಮೆರಿಟ್ (ಮಾರ್ಕ್ಸ್ ನೋಡಿ ಕೊಡೂ ರೊಕ್ಕ) ಅಂದ್ರ ಪೂರ್ತಿ ಲಾಭ, ಬಂದಷ್ಟೂ ಬಿಲ್ಲಿನ್ಯಾಗ ಕಡಿಮಿ ಆಗ್ತದ. ಆದ್ರ ನಾವು ಮಾಡಿದ ತಪ್ಪು ಬ್ಯಾರೇ. ಹುಡುಗ ಐವಿ ಐವಿ (ಹಾರ್ವರ್ಡ್, ಯೇಲ್ ಥರದ ಹಳೇ ದೊಡ್ಡ ಕಾಲೇಜು) ಅಂತ ಕುಂತ, ನಾವೂ ಹೂಂ ಅಂದ್ವಿ, ಒಂದು ವರ್ಷ ಪೂರಾ ಅದರಾಗ ಹೋತು. ಐವಿ ಎಂಟೂ ಕಾಲೇಜಿನ್ಯಾಗ ಮೆರಿಟ್ ಸ್ಕಾಲರ್‌ಶಿಪ್ ಅನ್ನೂದ ಇಲ್ಲ, ನೀಡ್ ಇದ್ದವರಿಗೆ ಅಷ್ಟ ರೊಕ್ಕ. ಎಂಐಟಿನೂ ಹಂಗ. ನಮಗ ಅಲ್ಲಿ ಸೀಟ್ ಸಿಕ್ಕಿದ್ರೂ ಪೂರಾ ಫೀ ಕಟ್ಟೂದ ಇತ್ತು, ಇದು ಗೊತ್ತಾಗಿದ್ದು ಡಿಸೆಂಬರಿನ್ಯಾಗ!

ಆಮ್ಯಾಲ ಹೊರಗಿನ ರಾಜ್ಯದ ಸ್ಟೇಟ್ ಯೂನಿವರ್ಸಿಟಿ ಹುಡುಕಿದ್ವಿ. ಅಲಬಾಮಾದವರು ಜಿಪಿಎ (ಸಾಲಿ ಗ್ರೇಡಿನ ಸರಾಸರಿ), ಸ್ಯಾಟ್ (ಕಾಲೇಜ್ ಅಡ್ಮಿಷನ್ ಪರೀಕ್ಷಾ) ಸ್ಕೋರ್ ಹಿಡಿದು ಇಷ್ಟಿದ್ರ ಇಷ್ಟು ಅಂತ ಚಾರ್ಟ್ ಹಾಕಿರ್ತಾರ, ಹೋಟೆಲ್ ರೇಟ್ ಬೋರ್ಡ್ ಇದ್ದಂಗ. ಮುಚ್ಚುಮರಿ ಇಲ್ಲ. ನಮ್ಮ ಟೆಕ್ಸಾಸಿನ್ಯಾಗ ಇನ್ನೊಂದು ಮಜಾ ಅದ, ಹೊರಗಿನ ರಾಜ್ಯದ ಹುಡುಗ ಇಲ್ಲಿ ಪಬ್ಲಿಕ್ ಯೂನಿವರ್ಸಿಟಿಗೆ ಬಂದು ಅಲ್ಲಿದ ಒಂದು ಕಾಂಪಿಟಿಟಿವ್ ಸ್ಕಾಲರ್‌ಶಿಪ್ ಗೆದ್ದ ಅಂದ್ರ, ಬರೇ 1,000 ಡಾಲರಿಂದ ಇದ್ರೂ ಸೈ, ಇನ್ ಸ್ಟೇಟ್ ಟ್ಯೂಷನ್ (ಅದೇ ರಾಜ್ಯದವರಿಗೆ ಇರೂ ಕಡಿಮಿ ಫೀ) ಹಚ್ಚಲಿಕ್ಕೆ ಕಾನೂನಿನ್ಯಾಗ ಅವಕಾಶ ಅದ, ಸೀಟಿನ ಮಿತಿ ಇರ್ತದ ಅಷ್ಟ. ಸಾವಿರದ ಸ್ಕಾಲರ್‌ಶಿಪ್ಪು ವರ್ಷಕ್ಕ ಹತ್ತಾರು ಸಾವಿರ ಉಳಸ್ತದ. ಅಕ್ಕಾರ ಕಥಿಯೊಳಗ 8,000 ಬಂದು ಏನೂ ಉಳೀಲಿಲ್ಲ, ಇಲ್ಲಿ ಹಿಂಗ. ಏನ್ ಲೆಕ್ಕಾನೋ ಏನೋ.

ನೇಪರ್‌ವಿಲ್ ಅಮ್ಮ:
ಹಳೇ ಮೈಸೂರು ಸಾರ್, ಬಿಂದಿಗೆ ಲೆಕ್ಕ ಮಗಳಿಗೂ ಓದಿ ಹೇಳಿದೆ, ಆಚೆ ಬಂದು ಊಟ ಮಾಡಿದ್ಲು. ಮೇಲ್ ಬರೀತಾ ಇದ್ದಾಳೆ. ಒಂದು ಡೌಟು, ಕಾಲೇಜಿನವರೇ ಕೊಡೋ ಮೆರಿಟ್ ಸ್ಕಾಲರ್‌ಶಿಪ್ಪಿಗೂ ಇದೇ ಗತಿನಾ? ಚಿಕ್ಕವನು ಹತ್ತನೇ ಕ್ಲಾಸಲ್ಲಿದಾನೆ, ಅವನಿಗಾದ್ರೂ ಗೊತ್ತಿರ್ಲಿ.

ಹಳೇ ಮೈಸೂರು:
ಹೆಚ್ಚೂಕಮ್ಮಿ ಅದೇ. ನನ್ನ ದೊಡ್ಡ ಮಗನಿಗೆ ನೀಡ್ 30,000 ಇತ್ತು, ಕಾಲೇಜು 20,000 ಮೆರಿಟ್ ಅಂತ ದೊಡ್ಡ ಫೋಲ್ಡರಲ್ಲಿ ಪತ್ರ ಕಳಿಸ್ತು, ಹಾರ ಹಾಕೋದೊಂದು ಬಾಕಿ. ನಾವು 30 ಪ್ಲಸ್ 20 ಅಂತ ಮನಸ್ಸಲ್ಲೇ 50 ಲೆಕ್ಕ ಹಾಕಿದ್ವಿ. ಏಡ್ ಲೆಟರ್ ಬಂದಾಗ ಮೆರಿಟ್ 20,000, ಗ್ರಾಂಟ್ 10,000. ಒಟ್ಟು ಅದೇ 30. ಒಂದೇ ದುಡ್ಡಿಗೆ ಎರಡು ಹೆಸರು.

ಆಗ ಸಿಟ್ಟು ಬಂದಿತ್ತು, ಆದ್ರೆ ಎರಡನೇ ವರ್ಷ ನನ್ನ ಹೆಂಡ್ತಿಗೆ ಕೆಲಸ ಸಿಕ್ತು, ಆದಾಯ ಏರ್ತು, ಆ ಆದಾಯ ಫಾರ್ಮಲ್ಲಿ ಕಾಣ್ಸಿಕೊಂಡ ವರ್ಷ ನೀಡ್ ಗ್ರಾಂಟ್ ಪೂರ್ತಿ ಹೋಯ್ತು. ಮೆರಿಟ್ 20,000 ಹಾಗೇ ಉಳೀತು. ಆವಾಗ ಅರ್ಥ ಆಯ್ತು ಹೆಸರಲ್ಲಿ ಏನಿದೆ ಅಂತ. ನೀಡ್ ಗ್ರಾಂಟ್ ನಿಮ್ಮ ಸಂಬಳಕ್ಕೆ ಕಟ್ಟಿದ ದುಡ್ಡು, ಪ್ರತಿ ವರ್ಷ ಮತ್ತೆ ತೂಕ ಹಾಕ್ತಾರೆ. ಮೆರಿಟ್ ಹುಡುಗನ ಮಾರ್ಕ್ಸಿಗೆ ಕಟ್ಟಿದ್ದು. ಲೇಟಾಗಿ ಹೊಡೆತ ಬೀಳುತ್ತೆ ಯಾಕಂದ್ರೆ ಫಾಫ್ಸಾ ನೋಡೋದು ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನು, 2026-27ಕ್ಕೆ 2024ರದ್ದು.

ಅಟ್ಲಾಂಟಾ ಅತ್ತೆ:
ಮಾರ್ಕ್ಸಿಗೆ ಕಟ್ಟಿದ್ದು ಅಂದ್ರಲ್ಲ, ಆ ಹಗ್ಗ ಕಿತ್ತೋಗೋದನ್ನ ನಾನು ಮನೇಲಿ ನೋಡಿದೀನಿ. ಜಾರ್ಜಿಯಾದಲ್ಲಿ ಹೋಪ್ ಸ್ಕಾಲರ್‌ಶಿಪ್ 1993ರಿಂದ ಇದೆ, ಲಾಟರಿ ದುಡ್ಡಲ್ಲಿ ನಡೆಯೋದು. ಮನೆ ಆದಾಯ ನೋಡಲ್ಲ, ಹೈಸ್ಕೂಲ್ ಜಿಪಿಎ 3.0 ಇದ್ರೆ ಹೋಪು, 3.7 ಜೊತೆಗೆ ಸ್ಯಾಟ್ ಸ್ಕೋರೂ ಇದ್ರೆ ಝೆಲ್ ಮಿಲ್ಲರ್. ನಮ್ಮ ಅಣ್ಣನ ಮಗ ಝೆಲ್ಲಲ್ಲೇ ಶುರು ಮಾಡಿದ್ದು. ಕಾಲೇಜಲ್ಲಿ ಅದಕ್ಕೆ 3.3 ಇಟ್ಕೋಬೇಕು, ಹೋಪಿಗೆ 3.0, ಮೂವತ್ತು ಅರವತ್ತು ತೊಂಬತ್ತು ಕ್ರೆಡಿಟ್ ಅವರ್ ಮುಗಿದಾಗ ಚೆಕ್ ಮಾಡ್ತಾರೆ. ಇವನು ಮೊದಲ ಸೆಮಿಸ್ಟರಲ್ಲೇ ಕ್ಯಾಲ್ಕುಲಸ್ಸು, ಕೆಮಿಸ್ಟ್ರಿ, ಫಿಸಿಕ್ಸು ಮೂರೂ ಒಟ್ಟಿಗೆ ತಗೊಂಡ. ಯಾರೂ ಬೇಡ ಅನ್ಲಿಲ್ಲ, ಅತ್ತಿಗೆ ಹೆಮ್ಮೆಯಿಂದ ಹೇಳ್ಕೊಂಡು ಓಡಾಡಿದ್ಲು. ಮೂವತ್ತರ ಚೆಕ್ಕಲ್ಲಿ 3.18. ಝೆಲ್ ಹೋಗಿ ಹೋಪಿಗೆ ಇಳಿದ, ಅರವತ್ತರಲ್ಲಿ ಅದೂ ಹೋಯ್ತು. ಇಂಜಿನಿಯರಿಂಗ್ ಮಕ್ಕಳೇ, ಮೊದಲ ಸೆಮಿಸ್ಟರಲ್ಲಿ ಒಂದು ಸುಲಭದ ಸಬ್ಜೆಕ್ಟ್ ಇಟ್ಕೊಳ್ಳಿ, ಯಾರ ಮುಂದೆ ಜಂಬ ಕೊಚ್ಕೋಬೇಕು?

ಕೊಡಚಾದ್ರಿ:
ಇಷ್ಟೆಲ್ಲ ಓದಿ ನಂಗೆ ಹೊಟ್ಟೆ ಉರೀತಿದೆ ಅಂದ್ರೆ ತಪ್ಪು ತಿಳ್ಕೋಬೇಡಿ. ನಮ್ಮ ಮಗ ನಾಲ್ಕು ವರ್ಷದವನಿದ್ದಾಗ ಶಿವಮೊಗ್ಗದಿಂದ ಬಂದಿದ್ದು, ಇವತ್ತಿಗೂ ಎಚ್4 (ಅಪ್ಪ ಅಮ್ಮನ ಕೆಲಸದ ವೀಸಾ ಮೇಲೆ ಮಕ್ಕಳಿಗೆ ಸಿಗೋ ವೀಸಾ). ಗ್ರೀನ್ ಕಾರ್ಡ್ ಸಾಲು ನಿಮಗೆಲ್ಲ ಗೊತ್ತು. ಫಾಫ್ಸಾ ಅವನಿಗಿಲ್ಲ, ಫೆಡರಲ್ ಲೋನ್ ಇಲ್ಲ, ವರ್ಕ್ ಸ್ಟಡಿ ಇಲ್ಲ. ಗ್ರೀನ್ ಕಾರ್ಡಿಗೆ ನಮ್ಮದು ಐ-485 ಅರ್ಜಿ ಹಾಕೋ ಹಂತಕ್ಕೇ ಬಂದಿಲ್ಲ. 21 ಆದ್ರೆ ಎಚ್4ನೂ ಹೋಗುತ್ತೆ, ಎಫ್1 (ವಿದ್ಯಾರ್ಥಿ ವೀಸಾ) ಮಾಡಿಸ್ಬೇಕು. ಅದೇ ಸ್ಕೂಲಲ್ಲಿ ಕಿಂಡರ್‌ಗಾರ್ಟನಿಂದ ಓದಿದವನು ಕಾಲೇಜಿನ ಫಾರ್ಮಲ್ಲಿ ಇಂಟರ್‌ನ್ಯಾಷನಲ್ ಸ್ಟೂಡೆಂಟ್.

ಹಳೇ ಮೈಸೂರು:
ಕೊಡಚಾದ್ರಿಯವ್ರೇ, ನಿಮ್ಮ ಸಂಕಟಕ್ಕೆ ನನ್ನ ಹತ್ರ ಔಷಧಿ ಇಲ್ಲ. ಆದ್ರೆ ಎರಡು ದಾರಿ ಇದೆ. ಒಂದು, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಥರದ ಕೆಲವು ಕಾಲೇಜು ಹೊರದೇಶದ ಮಕ್ಕಳಿಗೂ ದುಡ್ಡಿನ ಅಗತ್ಯ ನೋಡದೆ ಅಡ್ಮಿಷನ್ ಕೊಟ್ಟು ಆಮೇಲೆ ಪೂರ್ತಿ ನೀಡ್ ತುಂಬಿಸ್ತವೆ, ಸಿಎಸ್‌ಎಸ್ ಪ್ರೊಫೈಲ್ ತುಂಬೋಕೆ ಸಿಟಿಜನ್ ಆಗಿರ್ಬೇಕಿಲ್ಲ. ಹಾರ್ವರ್ಡು, ಎಂಐಟಿ ಎರಡೂ 2025-26ರಿಂದ ಎರಡು ಲಕ್ಷ ಡಾಲರ್ ತನಕ ಆದಾಯ ಇರೋರಿಗೆ, ಆಸ್ತಿಪಾಸ್ತಿ ಮಾಮೂಲಿ ಇದ್ರೆ, ಟ್ಯೂಷನ್ ಇಲ್ಲ ಅಂದಿವೆ. ಸೀಟ್ ಸಿಗೋದು ಮಾತ್ರ ದೇವರ ಇಚ್ಛೆ. ಇನ್ನೊಂದು, ಕಾಲೇಜೇ ತನ್ನ ಜೇಬಿಂದ ಕೊಡೋ ಮೆರಿಟ್ಟು. ಅದಕ್ಕೆ ಫಾಫ್ಸಾ ಅರ್ಹತೆ ಬೇಕು ಅಂತೇನಿಲ್ಲ, ವೀಸಾ ನೋಡದೆ ಮಾರ್ಕ್ಸ್ ಮಾತ್ರ ನೋಡೋ ಕಡೆ ಇದಾವೆ, ಒಂದೊಂದಕ್ಕೂ ಮೇಲ್ ಹಾಕಿ ಎಚ್4 ಅಂತಲೇ ಬರೆದು ಕೇಳ್ಬೇಕು. ನೀಡ್ ಪ್ಯಾಕೇಜೇ ಇಲ್ಲದಿರೋ ಕಡೆ ಈ ಚೆಲ್ಲೋ ಕಾಟನೂ ಇರಲ್ಲ.

ಸುಮ್ನೆ ಓದ್ತಿರ್ತೀನಿ:
ನಂಗೊಂದು ಅರ್ಥ ಆಗ್ತಿಲ್ಲ. ಸ್ಕಾಲರ್‌ಶಿಪ್ ಕೊಟ್ಟ ಊರಿನ ಜನ ಆ ಹುಡುಗಿಗೆ ಅಂತ ಕೊಟ್ಟಿದ್ದು, ಕಾಲೇಜಿಗಲ್ಲ. ಅವರಿಗೆ ಇದು ಗೊತ್ತಿದ್ರೆ ಸುಮ್ನಿರ್ತಾರಾ? ಯಾವ ಕಾನೂನೂ ಇಲ್ವಾ?

ಲೆಕ್ಕದ ಗೌಡ್ರು:
ಇದೆ, ಆದ್ರೆ ರಾಜ್ಯ ರಾಜ್ಯಕ್ಕೆ ಬೇರೆ. ಮೊದ್ಲು ಮಾಡಿದ್ದು ಮೇರಿಲ್ಯಾಂಡು, 2017ರಲ್ಲಿ, ಪಬ್ಲಿಕ್ ಕಾಲೇಜುಗಳಿಗೆ. ಆಮೇಲೆ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ಬಂದ್ವು. ಕ್ಯಾಲಿಫೋರ್ನಿಯಾದ್ದು 2023-24ರಿಂದ ಪ್ರೈವೇಟಿಗೂ ಸೇರಿ ಇದೆ, ಆದ್ರೆ ಪೆಲ್ ಗ್ರಾಂಟ್ (ಕಮ್ಮಿ ಆದಾಯದವರಿಗೆ ಕೇಂದ್ರ ಸರ್ಕಾರದ ಗ್ರಾಂಟು) ಅಥವಾ ಡ್ರೀಮ್ ಆಕ್ಟ್ ಏಡಿಗೆ (ದಾಖಲೆ ಇಲ್ಲದ ವಲಸಿಗ ಮಕ್ಕಳಿಗೆ ರಾಜ್ಯ ಕೊಡೋದು) ಅರ್ಹ ಇರೋ ಮಕ್ಕಳಿಗೆ ಮಾತ್ರ. ನಮ್ಮ ಜನದಲ್ಲಿ ಪೆಲ್ ಸಿಗೋರು ಕಮ್ಮಿ. ಹೊರಗಿನ ಸ್ಕಾಲರ್‌ಶಿಪ್ ಬಂತು ಅಂತ ಪೆಲ್ ಗ್ರಾಂಟ್ ಮಾತ್ರ ಸಾಮಾನ್ಯವಾಗಿ ಕಡಿಮೆ ಮಾಡಲ್ಲ.

ಕೊಟ್ಟವರ ಹತ್ರ ಮಾತಾಡೋದೂ ಒಂದು ದಾರಿ. ಈ ವರ್ಷ ಪೂರ್ತಿ ಬೇಡ, ಎರಡು ವರ್ಷಕ್ಕೆ ಹಂಚಿ ಕೊಡ್ತೀರಾ ಅಂತ ಕೇಳಿದ್ರೆ ಒಪ್ಪೋರು ಇರ್ತಾರೆ. ಕೇಳೋದಕ್ಕೇನು ಕಾಸು ಖರ್ಚಿಲ್ಲ.

ಟ್ಯಾಕ್ಸ್ ವಿಷ್ಯ ಯಾರೂ ಎತ್ತಿಲ್ಲ, ನನ್ನ ಕಸುಬೇ ಅದು ಆದ್ರಿಂದ ಬಾಯಿ ಕಡೀತಿದೆ. ಸ್ಕಾಲರ್‌ಶಿಪ್ಪು, ಗ್ರಾಂಟು ಎರಡೂ ಟ್ಯೂಷನ್, ಫೀ, ಪುಸ್ತಕಕ್ಕೆ ಹೋದಷ್ಟು ಟ್ಯಾಕ್ಸ್ ಇಲ್ಲ. ಹಾಸ್ಟೆಲ್ಲು ಊಟಕ್ಕೆ ಹೋದ್ರೆ ಅದು ಮಗುವಿನ ಆದಾಯ, ಟ್ಯಾಕ್ಸ್ ಬೀಳ್ಬಹುದು. ಫುಲ್ ರೈಡ್ (ಹಾಸ್ಟೆಲ್ಲು ಊಟ ಸೇರಿ ಪೂರ್ತಿ ಖರ್ಚು) ಸಿಕ್ಕವರು ಇದನ್ನ ಮರೆತು ಏಪ್ರಿಲಲ್ಲಿ ಫೋನ್ ಮಾಡ್ತಾರೆ. ಅಮ್ಮಾವ್ರ ಕೇಸಲ್ಲಿ ಒಟ್ಟು ಉಚಿತದ ದುಡ್ಡು ಐವತ್ತು ಸಾವಿರದ ಆಸುಪಾಸು, ಅಂಥ ಕಾಲೇಜಲ್ಲಿ ಟ್ಯೂಷನ್ನೇ ಅದಕ್ಕಿಂತ ಜಾಸ್ತಿ ಇರುತ್ತೆ, ಚಿಂತೆ ಇಲ್ಲ. ಮೇಲಾಗಿ ಕೈಯಿಂದ 31,000 ಕಟ್ತಿರೋದ್ರಿಂದ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಅನ್ನೋ ಟ್ಯಾಕ್ಸ್ ರಿಯಾಯಿತಿ 2,500 ತನಕ ಸಿಗುತ್ತೆ, ಗಂಡ ಹೆಂಡತಿ ಜಂಟಿ ಆದಾಯ 1,60,000 ದಾಟಿರ್ಬಾರ್ದು, ಅಲ್ಲಿಂದ 1,80,000ಕ್ಕೆ ಕರಗಿ ಸೊನ್ನೆ ಆಗುತ್ತೆ. 529ರಲ್ಲಿ (ಮಕ್ಕಳ ಓದಿಗೆ ಉಳಿಸೋ ಖಾತೆ) ದುಡ್ಡಿದ್ದು ಸ್ಕಾಲರ್‌ಶಿಪ್ ಬಂತು ಅಂದ್ರೆ ಅಷ್ಟು ಮೊತ್ತ ಹತ್ತು ಪರ್ಸೆಂಟ್ ದಂಡ ಇಲ್ಲದೆ ತೆಗೀಬಹುದು, ಲಾಭದ ಮೇಲೆ ಟ್ಯಾಕ್ಸ್ ಅಷ್ಟೇ.

ಕೊಡಚಾದ್ರಿ:
ಥ್ಯಾಂಕ್ಸ್ ಹಳೇ ಮೈಸೂರು ಸಾರ್. ಸಿಎಸ್‌ಎಸ್ ತುಂಬೋಕೆ ಕೂತೆ, ಊರಲ್ಲಿರೋ ಆಸ್ತಿನೂ ಹಾಕ್ಬೇಕಾ? ಅಪ್ಪ ಶಿವಮೊಗ್ಗದಲ್ಲಿ ಒಂದು ಸೈಟ್ ಇಟ್ಟಿದಾರೆ, ಮುಂದೆ ನಂಗೇ ಅಂತಾರೆ.

ಹಳೇ ಮೈಸೂರು:
ನಿಮ್ಮ ಹೆಸರಲ್ಲಿದ್ರೆ ಹಾಕ್ಬೇಕು, ಅಪ್ಪನ ಹೆಸರಲ್ಲಿದ್ರೆ ಅದು ಅವರದ್ದು, ನಿಮ್ಮದಲ್ಲ. ಮುಂದೆ ನಂಗೇ ಅನ್ನೋದಕ್ಕೆ ಕಾಲಂ ಇಲ್ಲ. ಫಾಫ್ಸಾದಲ್ಲೂ ವಾಸದ ಮನೆ ಮತ್ತೆ 401ಕೆ (ನಿವೃತ್ತಿ ಉಳಿತಾಯ) ಬಿಡ್ತಾರೆ, ಬೇರೆ ಜಮೀನು ಸೈಟು ಎಲ್ಲಿದ್ರೂ ಇವತ್ತಿನ ಬೆಲೆ ಕೇಳ್ತಾರೆ. ಅಂದಾಜಿಗೆ ಹೇಳ್ತೀನಿ, 60 ಲಕ್ಷದ ಸೈಟು ಅಂದ್ರೆ ಹತ್ತಿರ ಹತ್ತಿರ 70,000 ಡಾಲರ್, ಅಪ್ಪ ಅಮ್ಮನ ಆಸ್ತೀಲಿ ಜಾಸ್ತಿ ಅಂದ್ರೆ 5.64 ಪರ್ಸೆಂಟ್ ಲೆಕ್ಕಕ್ಕೆ ತಗೊಂಡ್ರೂ ವರ್ಷಕ್ಕೆ 3,900 ಡಾಲರ್ ನೀಡ್ ಕಮ್ಮಿ. ಸಿಎಸ್‌ಎಸ್ ಕಾಲೇಜುಗಳದ್ದು ಅವರವರ ರೇಟು. ಮುಚ್ಚಿಡೋಕೆ ಹೋಗ್ಬೇಡಿ, ಎಚ್4 ಹುಡುಗ, ಸುಳ್ಳು ಫಾರ್ಮ್ ಅಂತ ಒಂದು ಮಾತು ಬಂದ್ರೆ ಯಾರಿಗೆ ಬೇಕು.

ಹುಬ್ಬಳ್ಳಿ ಆಸ್ಟಿನ್:
ಸೈಟಿನ ಮ್ಯಾಲ ಇಲ್ಲೂ ಕಣ್ಣು! ಆಡಿದ್ದ ಆಟ.

ನೇಪರ್‌ವಿಲ್ ಅಮ್ಮ:
ಅಪ್‌ಡೇಟ್. ಮಗಳು ಮೇಲ್ ಹಾಕಿ ಒಂಬತ್ತು ದಿನಕ್ಕೆ ಉತ್ತರ ಬಂತು. ಸಿಸ್ಟಂ ತಾನಾಗಿ ಗ್ರಾಂಟಿಂದ ಕಳೆದಿದೆ, ವಿದ್ಯಾರ್ಥಿ ಕೇಳಿದ್ರೆ ಲೋನ್ ಮತ್ತೆ ವರ್ಕ್ ಸ್ಟಡಿ ಮೊದ್ಲು ತೆಗೀತೀವಿ ಅಂತ ಬರೆದಿದಾರೆ. ಕೇಳಿದ್ರೆ! ಅಂದ್ರೆ ಕೇಳದೇ ಇರೋರ ಗತಿ? ಈಗಿನ ಲೆಟರ್ ಹೀಗಿದೆ: ಲೋನ್ 3,500 ಪೂರ್ತಿ ಹೋಯ್ತು, ವರ್ಕ್ ಸ್ಟಡಿ 3,000 ಹೋಯ್ತು, ಗ್ರಾಂಟ್ 1,500 ಇಳಿದು 45,000. ನಮ್ಮ 31,000 ಅಲ್ಲೇ ಬಂಡೆ ಥರ ಕೂತಿದೆ. ನಮ್ಮನೆಯವರು ಇನ್ನೂ ಗೊಣಗ್ತಿದಾರೆ, ಮಗಳು ಮಾತ್ರ ಮೊದಲ ವರ್ಷ ಸಾಲ ಇಲ್ಲ ಅಂತ ಖುಷಿಯಾಗಿದಾಳೆ. ಎರಡೂ ಒಂದೇ ವರ್ಷದ ಸ್ಕಾಲರ್‌ಶಿಪ್ಪು, ಮುಂದಿನ ವರ್ಷ ಗ್ರಾಂಟ್ ವಾಪಸ್ 46,500 ಆಗುತ್ತಾ ಅಂತ ಕೇಳಿದ್ಲು, ಹೊಸ ಫಾರ್ಮ್ ನೋಡಿ ಹೊಸ ಲೆಕ್ಕ ಹಾಕ್ತೀವಿ, ಆದಾಯ ಹೀಗೇ ಇದ್ರೆ ಹಾಗೇ ಇರ್ಬೇಕು ಅಂತ ಮೇಲಲ್ಲೇ ಹೇಳಿದಾರೆ, ಪ್ರಿಂಟ್ ತೆಗೆದಿಟ್ಟಿದೀನಿ. ಚಿಕ್ಕವನೂ ಕಾಲೇಜಿಗೆ ಸೇರಿದ್ಮೇಲೆ ಇಬ್ಬರಿಗೂ ಪಾಲು ಹಂಚ್ತಾರಾ?

ಹಳೇ ಮೈಸೂರು:
ಫಾಫ್ಸಾದಲ್ಲಿ ಆ ರಿಯಾಯಿತಿ 2024-25ರಿಂದ ತೆಗೆದುಬಿಟ್ರು. ಸಿಎಸ್‌ಎಸ್ ಕೇಳೋ ಕಾಲೇಜುಗಳಲ್ಲಿ ಸುಮಾರು ಕಡೆ ಈಗ್ಲೂ ನೋಡ್ತಾರೆ, ಮಗಳ ಕಾಲೇಜಲ್ಲಿ ಅದನ್ನೂ ಬರವಣಿಗೇಲಿ ಕೇಳಿಡಿ. ಮಗನಿಗೆ ಕಾಲೇಜು ಆರಿಸುವಾಗ ಅರ್ಲಿ ಡಿಸಿಷನ್ (ಸೀಟ್ ಕೊಟ್ರೆ ಸೇರೇ ಸೇರ್ತೀವಿ ಅಂತ ಮೊದ್ಲೇ ಒಪ್ಪಿ ಹಾಕೋ ಅರ್ಜಿ) ಹಾಕೋಕೆ ಮುಂಚೆ ನೂರು ಸಲ ಯೋಚಿಸಿ, ಅದರಲ್ಲಿ ಸೀಟ್ ಬಂದ್ರೆ ಬೇರೆ ಕಡೆಯ ಮೆರಿಟ್ ಲೆಟರ್ ಪಕ್ಕದಲ್ಲಿಟ್ಟು ನೋಡೋ ಅವಕಾಶನೇ ಇರಲ್ಲ.

ಕೊಡಚಾದ್ರಿ:
ಸಾರ್, ಸೈಟಿನ ವಿಷ್ಯ ಕೇಳೋಣ ಅಂತ ಅಪ್ಪಂಗೆ ಫೋನ್ ಮಾಡಿದ್ದೆ. 2019ರಲ್ಲಿ ಊರಿಗೆ ಹೋದಾಗ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಯಾವ್ದೋ ಪೇಪರಿಗೆ ಸೈನ್ ಹಾಕಿಸಿದ್ರು, ಅದು ಗಿಫ್ಟ್ ಡೀಡ್ ಅಂತೆ, ಖಾತೆನೂ ಆವಾಗ್ಲೇ ನನ್ನ ಹೆಸರಿಗೆ ಆಗಿದೆ ಅಂತೆ. ಕಂದಾಯದ ರಸೀದಿ ವಾಟ್ಸಾಪ್ ಮಾಡಿದಾರೆ. ಫಾರ್ಮ್ ಸಬ್ಮಿಟ್ ಮಾಡಿಲ್ಲ ಸದ್ಯ, ತಿದ್ದೋಕೆ ಹೊರಟೆ.